ಬಂಡಿ ಸಮೇತ ಹೊಳೆ ದಾಟಿ ದಿವಾರ್ ದ್ವೀಪಕ್ಕೆ

ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬಕ್ಕೆಂದು ಪ್ರತಿವರ್ಷ ಡಿಸೆಂಬರ್ 3ರ ಸುಮಾರಿಗೆ ಕಲಘಟಗಿ, ಕುಂದಗೋಳ, ಅಣ್ಣಿಗೇರಿ, ನವಲಗುಂದ ಕಡೆಯ ನಮ್ಮ ಕುಟುಂಬಗಳು ಹಳೆ ಗೋವೆಗೆ ಹೋಗಿಬರುವುದು ಹೊಸತೇನಲ್ಲ. ನಾಲ್ಕು ಮನೆಯವರು ಕೂಡಿ ಒಂದು ಕ್ರೂಸರ್ ಗೊತ್ತುಮಾಡಿಕೊಂಡು, ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡು, ಧಾರವಾಡ ಅಳ್ನಾವರಗಳನ್ನು ದಾಟಿ, ಅನಮೋಡ ಘಟ್ಟವನ್ನಿಳಿದು, ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಬಲಿಪೂಜೆ ಮುಗಿಸಿ, ಕಡಲ ತೆರೆಯಲ್ಲಿ ಮಕ್ಕಳ ಕಾಲು ತೋಯಿಸಿ ಹಿಂದಿರುಗಿದರೆ ಯಾತ್ರೆ ಸಂಪೂರ್ಣವಾಯಿತೆಂದೇ ಲೆಕ್ಕ. ಆದರೆ ಅದೇ ಬೆಸಿಲಿಕಾದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ವೈಸರಾಯ್ ಕಮಾನನ್ನು ಹಾದು ಇಳಿದರೆ ಮಾಂಡೋವಿ ನದಿಯ ಫೆರಿ ಕಟ್ಟೆ ಇದೆ. ಎದುರಿಗೆ ಕಾಣುವ ಹಸಿರು ಗುಡ್ಡವೇ ದಿವಾರ್ ದ್ವೀಪ. ಅತ್ತ ಮುಖ ಮಾಡುವವರು ನಮ್ಮಲ್ಲಿ ವಿರಳ.

ಫೆರಿ ಎಂದೊಡನೆ ದೊಡ್ಡ ಹಡಗನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ತಳ ಚಪ್ಪಟೆಯಾದ, ಮೇಲೆ ಬಯಲಾದ ಕಬ್ಬಿಣದ ದೋಣಿ ಅದು. ಅಗಲವಾದ ಕಬ್ಬಿಣದ ಹಲಗೆಯೊಂದನ್ನು ಇಳಿಜಾರಾದ ಕಟ್ಟೆಯ ಮೇಲೆ ಇಳಿಸುತ್ತಾರೆ. ಮೊದಲು ಕಾರುಗಳು, ಬಳಿಕ ಸಂದುಗೊಂದುಗಳಲ್ಲಿ ಮೋಟಾರ್ ಸೈಕಲ್ಲುಗಳು, ಅಂಚಿನಲ್ಲಿ ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು. ಇದನ್ನು ನಡೆಸುವುದು ಗೋವಾ ಸರಕಾರದ ನದಿ ಸಂಚಾರ ಇಲಾಖೆ. ನಡೆದು ಬರುವವರಿಗೆ ಶುಲ್ಕವಿಲ್ಲ. ಕಾರಿಗೆ ಅಲ್ಪ ಮೊತ್ತವುಂಟು. ಹ್ಯಾಂಡ್ ಬ್ರೇಕ್ ಎಳೆದು ಗಾಡಿಯನ್ನು ಗೇರಿನಲ್ಲಿಟ್ಟು ನಿಂತರೆ ಕೆಲವೇ ನಿಮಿಷಗಳಲ್ಲಿ ಆಚೆ ದಡ ಬಂದಿರುತ್ತದೆ. ಒಂದು ಮಾತನ್ನು ಮಾತ್ರ ಹೇಳಲೇಬೇಕು: ಹಬ್ಬದ ದಿನಗಳಲ್ಲಿ ಸಾಲು ಉದ್ದವಿರುತ್ತದೆ, ಇಳಿತದ ಹೊತ್ತಿನಲ್ಲಿ ಹಲಗೆ ಕಡಿದಾಗಿ ನಿಲ್ಲುತ್ತದೆ. ಹನ್ನೆರಡು ಜನರನ್ನು ತುಂಬಿಕೊಂಡ ಗಾಡಿಯಿಂದ ಹಿರಿಯರನ್ನು ಮೊದಲೇ ಇಳಿಸಿ ನಡೆಸುವುದು ಒಳಿತು.

ಕಾರನ್ನು ದೋಣಿಗೇರಿಸಿ ಚಿಕ್ಕ ದ್ವೀಪಗಳಿಗೆ ಹೋಗುವ ಪದ್ಧತಿ ಮೆಡಿಟರೇನಿಯನ್ ಸಮುದ್ರದ ತುಂಬ ಇದೆ. ನಮಗೆ ಅವುಗಳಲ್ಲಿ ಹತ್ತಿರದ್ದೆನಿಸುವುದು ಮಾಲ್ಟಾ. ಸೆರೆಯಾಳಾಗಿ ರೋಮಿಗೆ ಸಾಗುತ್ತಿದ್ದ ಸಂತ ಪೌಲರ ಹಡಗು ಅಲ್ಲಿ ಒಡೆಯಿತು. ಹಡಗಿನಲ್ಲಿದ್ದ 276 ಮಂದಿಯೂ ದಡ ಸೇರಿದರೆಂದೂ, ಮಳೆ ಚಳಿಯಲ್ಲಿ ನಡುಗುತ್ತಿದ್ದವರಿಗೆ ದ್ವೀಪವಾಸಿಗಳು ಬೆಂಕಿ ಹಾಕಿ ಉಪಚರಿಸಿದರೆಂದೂ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಆ ಮಾಲ್ಟಾದ ಪಕ್ಕದಲ್ಲೇ ಗೋಜೋ ಎಂಬ ಕಿರುದ್ವೀಪವಿದೆ. ಚಿರ್ಕೆವ್ವಾ ಬಂದರಿನಿಂದ ಕಾರ್ ಫೆರಿಯಲ್ಲಿ ಇಪ್ಪತ್ತೈದು ನಿಮಿಷದ ಹಾದಿ. ಈ ಫೆರಿಯಲ್ಲಿ ಹಿಂದೆಲ್ಲ ಹೋಗುವಾಗ ಟಿಕೆಟ್ ಕೇಳುತ್ತಿರಲಿಲ್ಲ, ಹಿಂದಿರುಗುವಾಗಲೇ ಹಣ ತೆರಬೇಕಿತ್ತು. ಹೇಗೂ ಮರಳಿ ಬರಲೇಬೇಕಲ್ಲವೆ! ಅಲ್ಲಿನ ತಾ ಪಿನು ಮಾತೆಯ ಪುಣ್ಯಕ್ಷೇತ್ರಕ್ಕೆ 1990ರಲ್ಲಿ ಎರಡನೆಯ ಜಾನ್ ಪೌಲರೂ 2022ರ ಏಪ್ರಿಲಿನಲ್ಲಿ ಪೋಪ್ ಫ್ರಾನ್ಸಿಸರೂ ಬಂದು ಪ್ರಾರ್ಥಿಸಿದರು. ಇನ್ನು ನಾವು ದರ್ಶಿಸುವ ಸಂತ ಕ್ಸೇವಿಯರರಾದರೋ 1552ರಲ್ಲಿ ಪ್ರಾಣ ಬಿಟ್ಟದ್ದು ಚೀನಾ ತೀರದ ಸಾಂಚಿಯಾನ್ ದ್ವೀಪದಲ್ಲಿ, ತಮ್ಮನ್ನು ಆಚೆ ದಡಕ್ಕೆ ಒಯ್ಯಬೇಕಾದ ದೋಣಿಯ ದಾರಿ ಕಾಯುತ್ತ.

ದಿವಾರಿನ ಗುಡ್ಡದ ಮೇಲೆ ಕರುಣೆಯ ಮಾತೆಯ ಚರ್ಚಿದೆ. ಅದರಿಂದಲೇ ಆ ಊರಿಗೆ ಪಿಯೆದಾದೆ ಎಂಬ ಹೆಸರು. ಅಂಗಳದಲ್ಲಿ ನಿಂತು ನೋಡಿದರೆ ಹೊಳೆಯಾಚೆ ಹಳೆ ಗೋವೆಯ ಗೋಪುರಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ನೆನಪೂ ಉಂಟು. ನಮ್ಮ ಹಲಸಿಯನ್ನೂ ಆಳಿದ ಗೋವೆಯ ಕದಂಬರ ಕುಲದೈವ ಸಪ್ತಕೋಟೇಶ್ವರನ ಗುಡಿ ಮೊದಲಿದ್ದುದು ಈ ದ್ವೀಪದಲ್ಲೇ. ಪೋರ್ತುಗೀಸರ ಕಾಲದಲ್ಲಿ ಅದು ನಾಶವಾಗಿ, ದೇವರು ಹೊಳೆ ದಾಟಿ ಆಚೆಯ ನಾರ್ವೆಗೆ ಹೋಗಬೇಕಾಯಿತು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದರು. ಚರ್ಚಿನ ಸೊಬಗನ್ನು ಮೆಚ್ಚುವ ನಾವು ಇದನ್ನೂ ಅರಿತೇ ಅಲ್ಲಿ ಮೊಣಕಾಲೂರಬೇಕೆಂಬುದು ನಮ್ಮ ಅಭಿಪ್ರಾಯ.

ಈ ದ್ವೀಪದ ಮಗನೊಬ್ಬನ ವಿಷಯ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ವಂದನೀಯ ಜಾಕೋಮೆ ಗೊನ್ಸಾಲ್ವಿಸರು 1676ರಲ್ಲಿ ದಿವಾರಿನಲ್ಲಿ ಜನಿಸಿದರು. ಕೆನರಾ ಸೀಮೆಯಲ್ಲಿ ದುಡಿದು ಬಳಿಕ ಶ್ರೀಲಂಕೆಗೆ ತೆರಳಿದ್ದ ಸಂತ ಜೋಸೆಫ್ ವಾಜರ ಬೆನ್ನ ಹಿಂದೆ 1705ರಲ್ಲಿ ಅಲ್ಲಿಗೆ ಹೋದರು. ಡಚ್ಚರ ಕಾಟದಲ್ಲಿ ತಲೆಮರೆಸಿಕೊಂಡಿದ್ದ ಕಥೋಲಿಕ ಸಮುದಾಯಕ್ಕಾಗಿ ಸಿಂಹಳ, ತಮಿಳು ಭಾಷೆಗಳನ್ನು ಕಲಿತು ಅವುಗಳಲ್ಲೇ ಗ್ರಂಥಗಳನ್ನು ರಚಿಸಿದರು. 1742ರಲ್ಲಿ ಅಲ್ಲಿಯೇ ತೀರಿಕೊಂಡರು. ಹುಟ್ಟೂರಿಗೆ ಮರಳಿ ಹೊಳೆ ದಾಟಲಿಲ್ಲ.

ಈಗ ದ್ವೀಪದವರ ನಡುವೆ ಸೇತುವೆ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಕೊಂಕಣ ರೈಲಿನ ಸೇತುವೆ ದಿವಾರಿನ ಮೇಲೆಯೇ ಹಾದುಹೋದರೂ ರಸ್ತೆಯ ಸೇತುವೆ ಹಳೆ ಗೋವೆಯಿಂದ ಅಲ್ಲಿಗಿಲ್ಲ. ಬೇಡವೆನ್ನುವವರ ಅಂಜಿಕೆ ಸುಳ್ಳಲ್ಲ: ರಸ್ತೆಯ ಹಿಂದೆಯೇ ಹೋಟೆಲು, ಹೋಟೆಲಿನ ಹಿಂದೆಯೇ ಹೊಲ ಕೊಳ್ಳುವವರು. ಆದರೆ ನಡುರಾತ್ರಿ ಹೆರಿಗೆ ನೋವು ಬಂದ ಮನೆಯವರನ್ನು ಕೇಳಿದರೆ ಉತ್ತರವೇ ಬೇರೆ. ನಮ್ಮ ರಾಜ್ಯದಲ್ಲೇ ಲಿಂಗನಮಕ್ಕಿಯ ಹಿನ್ನೀರಿನಿಂದ ಸುತ್ತುವರಿದ ತುಮರಿಯ ಜನ ದಶಕಗಳ ಕಾಲ ಬಸ್ಸು ಕಾರುಗಳನ್ನು ಲಾಂಚಿಗೆ ಏರಿಸಿಯೇ ಬದುಕಿದರು. ಸಂಜೆಯ ಲಾಂಚು ತಪ್ಪಿದರೆ ಆ ರಾತ್ರಿ ದಡದಲ್ಲೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದಾಗ ಅವರು ಪಟ್ಟ ಸಂತೋಷವನ್ನು ಲಾಂಚಿನ ಚೆಂದಕ್ಕೆ ಮರುಳಾದ ಪ್ರವಾಸಿಗರು ಅಳೆಯಲಾರರು. ಅದೇ ತಿಂಗಳಲ್ಲಿ ಗೋವಾ ಸರಕಾರ ದಿವಾರಿನ ನೆರೆಯ ಚೋರಾವ್ ದ್ವೀಪಕ್ಕೆ ಹೆಚ್ಚು ವಾಹನಗಳನ್ನು ಹೊರಬಲ್ಲ ಹೊಸ ಫೆರಿಗಳನ್ನು ಇಳಿಸಿತು. ಬೆಣ್ಣಿಹಳ್ಳ ಉಕ್ಕಿದಾಗ ದಾರಿ ಕಡಿದು ನಿಂತ ಅನುಭವವುಳ್ಳ ನವಲಗುಂದ ಸೀಮೆಯವರಾದ ನಾವು ತುಮರಿಯವರ ಪರವೇ.

ಇಷ್ಟಕ್ಕೂ ನಾವು ದಾಟಿದ ಹೊಳೆ ಯಾವುದು? ಗೋವೆಯವರು ಮಾಂಡೋವಿ ಎನ್ನುವ ಈ ನದಿ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ಇದರ ಉಪನದಿಗಳಾದ ಕಳಸಾ–ಬಂಡೂರಿಗಳ ನೀರನ್ನು ಮಲಪ್ರಭೆಗೆ ತಿರುಗಿಸಿರೆಂದು 2015ರಿಂದ ನವಲಗುಂದ, ನರಗುಂದಗಳಲ್ಲಿ ರೈತರು ವರ್ಷಗಟ್ಟಲೆ ಧರಣಿ ಕುಳಿತರು. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣವು ಕುಡಿಯುವ ನೀರಿಗಾಗಿ ಆ ಎರಡು ಹಳ್ಳಗಳಿಂದ 3.9 ಟಿಎಂಸಿ ತಿರುಗಿಸಿಕೊಳ್ಳಲು ಒಪ್ಪಿತು. 2020ರ ಫೆಬ್ರುವರಿಯಲ್ಲಿ ಅಧಿಸೂಚನೆಯೂ ಹೊರಟಿತು. ಆಮೇಲೂ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳು, ಸುಪ್ರೀಂ ಕೋರ್ಟಿನ ದಾವೆಗಳು ಅಡ್ಡ ನಿಂತವು.

ದಿವಾರಿನ ಗದ್ದೆಗಳು ಭರತ ಇಳಿತಗಳ ನಡುವೆ, ಒಡ್ಡು ಕಟ್ಟಿ ತೂಬು ಇಟ್ಟು ಉಪ್ಪುನೀರನ್ನು ತಡೆದು ಉಳಿಸಿಕೊಂಡ ನೆಲ. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಕಡಲ ಉಪ್ಪು ಮೇಲೇರುತ್ತದೆಂಬುದು ಅವರ ಭಯ. ಫೆರಿಯ ಕಟಾಂಜನಕ್ಕೊರಗಿ ನಿಂತಿದ್ದ ಅಲ್ಲಿಯ ಅಜ್ಜನೊಬ್ಬರು ನಮ್ಮ ಊರು ಕೇಳಿದರು. ನವಲಗುಂದ ಎಂದೆವು. "ಹಾಗಾದರೆ ನಮ್ಮ ಮ್ಹಾದಯಿಯನ್ನು ಕೇಳುವವರು ನೀವೇ ಅನ್ನಿ" ಎಂದು ನಕ್ಕರು. ಬೇಸಿಗೆಯಲ್ಲಿ ನಮ್ಮ ಹೆಂಗಸರು ಕೊಡ ಹೊತ್ತು ನಲ್ಲಿಯ ಸರದಿ ಕಾಯುವುದನ್ನು ನಾವು ಹೇಳಿದೆವು. ಅಜ್ಜ ಒಂದಿಷ್ಟು ಹೊತ್ತು ನೀರನ್ನೇ ನೋಡುತ್ತ ನಿಂತು, ಮೇ ತಿಂಗಳಲ್ಲಿ ತಮ್ಮ ಬಾವಿಯ ನೀರೂ ಉಪ್ಪಾಗುತ್ತದೆಂದರು. ಅಷ್ಟರಲ್ಲಿ ದಡ ಬಂದಿತ್ತು. ಹಲಗೆ ಇಳಿಯಿತು, ಹಿಂದಿನ ಗಾಡಿಗಳವರು ಹಾರನ್ ಹಾಕತೊಡಗಿದರು.