ತಗ್ಗು ಮುಚ್ಚಿಗೆಯ ಕೆಳಗೆ ಕೆಟ್ಲ್‌ಬೆಲ್ ವ್ಯಾಯಾಮ



ಹೋದ ಕೊಯ್ಲಿನಲ್ಲಿ ಕಾಫಿ ಚೀಲವೊಂದನ್ನು ಜೀಪಿಗೆ ಎತ್ತಿಕೊಡಲು ಹೋಗಿ, ಸೊಂಟ ಹಿಡಿದುಕೊಂಡು ನಾನು ಮೂರು ವಾರ ಮಲಗಿದ್ದು ತಮ್ಮಲ್ಲಿ ಹಲವರಿಗೆ ಗೊತ್ತು. ಸಂಘದ ಲೆಕ್ಕಪತ್ರವೇನೋ ಮನೆಗೇ ಬಂತು. ಆದರೆ ಕಣದ ಕಾಫಿ ಹರಡಲು, ಸಂಜೆ ರಾಶಿ ಮಾಡಿ ಮುಚ್ಚಲು ಜನ ಸಿಗದೆ ಮನೆಯಾಕೆ ಪಟ್ಟ ಪಾಡು ಅಷ್ಟಿಷ್ಟಲ್ಲ. ನೋವು ಇಳಿದ ಮೇಲೆ ವೈದ್ಯರು, ಬೆನ್ನಿಗೂ ತೊಡೆಗೂ ಬಲ ಬರುವ ವ್ಯಾಯಾಮವನ್ನು ಮೆಲ್ಲಗೆ ಆರಂಭಿಸಿ ಎಂದರು. ಮಗ ಬೆಂಗಳೂರಿನಿಂದ 8 ಕಿಲೋದ ಕೆಟ್ಲ್‌ಬೆಲ್ ಒಂದನ್ನು ತಂದಿಟ್ಟ.

ದಪ್ಪ ಹಿಡಿಯಿರುವ ಕಬ್ಬಿಣದ ಗುಂಡು ಇದು. ರಷ್ಯನ್ನರು ಇದನ್ನು ಗಿರ್ಯಾ ಎನ್ನುತ್ತಾರೆ. ಮೊದಲು ಅಲ್ಲಿನ ಸಂತೆಗಳಲ್ಲಿ ಧಾನ್ಯ ತೂಗುವ ತೂಕದ ಕಲ್ಲಾಗಿತ್ತಂತೆ. ಅವರ ಹಳೆಯ ತೂಕವಾದ ಒಂದು ಪೂಡ್ ಎಂದರೆ ಸುಮಾರು 16.4 ಕಿಲೋ, ಈಗ ಅಂಗಡಿಯಲ್ಲಿ ಸಿಗುವ 16, 24, 32 ಕಿಲೋದ ಗುಂಡುಗಳು ಆ ಲೆಕ್ಕದಿಂದಲೇ ಬಂದವು. ತೂಕದ ಕಲ್ಲಿನೊಂದಿಗೆ ನಮಗೂ ಹಳೆಯ ನಂಟೇ ಇದೆಯಲ್ಲ!

ವ್ಯಾಯಾಮ ಎಲ್ಲಿ ಮಾಡುವುದು ಎಂಬುದೇ ನನಗೆ ತೊಡಕಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳವೆಲ್ಲ ಪಾಚಿ. ಒಳಗೆ ಸಿಗುವುದು ಮೆತ್ತಿನ ಕೆಳಗಿನ ಉಗ್ರಾಣದ ಕೋಣೆ ಒಂದೇ. ಅಲ್ಲಿ ತೊಲೆಯ ಅಡಿಗೆ ಆರೂವರೆ ಅಡಿ ಮಾತ್ರ. ನನ್ನ ಎತ್ತರ ಐದಡಿ ಆರಂಗುಲ. ತಲೆ ತಾಗುವುದಿಲ್ಲವಲ್ಲ ಎಂದು ಮೊದಲ ದಿನವೇ ಗುಂಡನ್ನು ತಲೆಯ ಮೇಲೆ ಎತ್ತಿದೆ. ಗೆಣ್ಣು ತೊಲೆಗೆ ಬಡಿದು ಸುಲಿಯಿತು. ಪುಣ್ಯಕ್ಕೆ ಗುಂಡು ಕೈ ಬಿಡಲಿಲ್ಲ.

ಆದುದರಿಂದ ಮೊದಲು ಅಳೆಯತಕ್ಕದ್ದು. ನೆಟ್ಟಗೆ ನಿಂತು, ಮುಷ್ಟಿ ಬಿಗಿದು ಕೈಯನ್ನು ಪೂರ್ತಿ ಮೇಲೆತ್ತಿ. ಮುಷ್ಟಿಯ ಮೇಲೆ ಒಂದಡಿಯಾದರೂ ಬಯಲು ಇಲ್ಲದಿದ್ದರೆ ನಿಂತು ತಲೆಯ ಮೇಲೆ ಎತ್ತುವ ಯಾವ ವ್ಯಾಯಾಮವೂ ಬೇಡ. ಅಳೆಯುವಾಗ ಮುಚ್ಚಿಗೆಯ ಹಲಗೆಗೆ ಅಳೆಯದೆ ತೊಲೆಯ ಅಡಿಗೆ ಅಳೆಯಿರಿ. ತೂಗುವ ಬಲ್ಬನ್ನೂ ಮರೆಯಬೇಡಿ.

ನಮಗೆ ಹೆಚ್ಚು ಬೇಕಾದ ವ್ಯಾಯಾಮಕ್ಕೆ ಎತ್ತರವೇ ಬೇಡ. ಅದರ ಹೆಸರು ಸ್ವಿಂಗ್. ಕಾಲುಗಳನ್ನು ಭುಜಕ್ಕಿಂತ ಸ್ವಲ್ಪ ಅಗಲಿಸಿ ನಿಂತು, ಬೆನ್ನನ್ನು ಗೂನು ಮಾಡದೆ ತೊಡೆಸಂದಿನಿಂದ ಬಾಗಿ, ಪೃಷ್ಠವನ್ನು ಹಿಂದಕ್ಕೆ ನೂಕಿ, ಗುಂಡನ್ನು ಎರಡೂ ಕೈಗಳಿಂದ ಹಿಡಿದು ತೊಡೆಗಳ ನಡುವೆ ಹಿಂದಕ್ಕೆ ತೂಗಬೇಕು. ಅಲ್ಲಿಂದ ಚಟ್ಟನೆ ನೆಟ್ಟಗೆ ನಿಂತರೆ ಗುಂಡು ತಾನಾಗಿ ಎದೆಯ ಮಟ್ಟಕ್ಕೆ ಏರುತ್ತದೆ. ಕೈಗಳು ಬರೀ ಹಗ್ಗ. ದುಡಿಯುವುದು ತೊಡೆ, ಪೃಷ್ಠ. ಕೆಲವರು ಇದನ್ನು ತಲೆಯ ಮೇಲಿನವರೆಗೂ ಬೀಸುತ್ತಾರೆ. ನಮಗೆ ಎದೆಮಟ್ಟವೇ ಸಾಕು. ನೆಲದ ಚೀಲವನ್ನು ಎತ್ತುವಾಗಲೂ ಬಾಗಬೇಕಾದ್ದು ಹೀಗೆಯೇ ತೊಡೆಸಂದಿನಿಂದ. ನಾನು ಅಂದು ಬೆನ್ನಿನಿಂದ ಬಾಗಿದ್ದೆ. ಸ್ವಿಂಗ್‌ಗೆ ಎತ್ತರಕ್ಕಿಂತ ಮುಂದಿನ ಜಾಗ ಮುಖ್ಯ. ಎದುರಿಗೆ ಐದಾರು ಅಡಿ ಖಾಲಿ ಇರಲಿ, ಮಕ್ಕಳೂ ನಾಯಿಯೂ ಅತ್ತ ಸುಳಿಯದಿರಲಿ. ಬೆವರಿದ ಕೈ ಒರೆಸಿಕೊಳ್ಳಿ.

ಗುಂಡನ್ನು ಎದೆಗೆ ಅವಚಿಕೊಂಡು ಕುಕ್ಕರಗಾಲಿಗೆ ಇಳಿದು ಏಳುವುದಕ್ಕೂ ಸೂರಿನ ಅಡ್ಡಿಯಿಲ್ಲ.

ಭುಜಕ್ಕೆ ಕೆಲಸ ಬೇಕೆಂದರೆ ಒಂದು ಮೊಣಕಾಲೂರಿ. ಅದರಡಿ ಗೋಣಿಚೀಲ ಮಡಿಸಿಟ್ಟುಕೊಂಡು, ಊರಿದ ಕಾಲಿನ ಕಡೆಯ ಕೈಯಿಂದ ಗುಂಡನ್ನು ಮೇಲೆತ್ತಬೇಕು. ಮೊಣಕಾಲೂರಿದಾಗ ಆಳು ಸುಮಾರು ಒಂದೂವರೆ ಅಡಿ ಕುಗ್ಗುವುದರಿಂದ ನನ್ನ ಮುಷ್ಟಿಗೂ ತೊಲೆಗೂ ಈಗ ಒಂದಡಿಗಿಂತ ಹೆಚ್ಚು ಅಂತರವಿದೆ. ಸೊಂಟ ಹಿಂದಕ್ಕೆ ಬಾಗಿಸಿ ಮೋಸ ಮಾಡಲೂ ಈ ಭಂಗಿಯಲ್ಲಿ ಸುಲಭವಲ್ಲ. ಇನ್ನೂ ತಗ್ಗಾದ ಅಟ್ಟವಾದರೆ ಅಂಗಾತ ಮಲಗಿ ಎತ್ತಿರಿ. ಮೊಣಕೈ ನೆಲ ಮುಟ್ಟಿದಲ್ಲಿಗೆ ನಿಲ್ಲುತ್ತದೆ. ಟರ್ಕಿಶ್ ಗೆಟ್-ಅಪ್ ಎಂಬುದರಲ್ಲಿ ಗುಂಡನ್ನು ಮೇಲೆ ಹಿಡಿದೇ ಮಲಗಿದಲ್ಲಿಂದ ಎದ್ದು ನಿಲ್ಲುತ್ತಾರೆ. ನಾವು ಎದ್ದು ಕೂರುವವರೆಗೆ ಮಾಡಿ ಮತ್ತೆ ಮಲಗಿದರಾಯಿತು. ಒಂದೇ ಎಳೆತಕ್ಕೆ ಗುಂಡನ್ನು ತಲೆಯ ಮೇಲಕ್ಕೆ ಒಯ್ಯುವ ಸ್ನ್ಯಾಚ್ ಮಾತ್ರ ತಗ್ಗು ಕೋಣೆಗೆ ಹೇಳಿದ್ದಲ್ಲ. ಅದನ್ನು ಮೊಣಕಾಲೂರಿ ಮಾಡಲು ಹೋಗಬೇಡಿ. ಮಳೆ ಬಿಟ್ಟ ಮೇಲೆ ಕಣದಲ್ಲಿ ನೋಡಿಕೊಳ್ಳಿ.

ಮೆತ್ತಿನ ಮೇಲಿನ ಹಲಗೆ ನೆಲದಲ್ಲಿ ಗುಂಡು ಬೀಸುವುದು ಬೇಡ, ಗೆದ್ದಲು ತಿಂದ ಹಲಗೆ ಯಾವುದೆಂದು ಮೇಲಿನಿಂದ ತಿಳಿಯುವುದಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಗುಂಡು ಮುಟ್ಟಬಾರದು. ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ. ಹಳೆಯ 10 ಕಿಲೋ ತೂಕದ ಕಲ್ಲು ಸಾಲದೇ ಎಂದು ಒಬ್ಬ ಸದಸ್ಯರು ಕೇಳಿದರು. ಎದೆಗೆ ಅವಚಿ ಕುಕ್ಕರಿಸಲು ಸಾಕು. ಬೀಸಲು ಸಲ್ಲದು, ಅದರ ಹಿಡಿಯಲ್ಲಿ ಎರಡು ಕೈ ಹಿಡಿಸುವುದಿಲ್ಲ.

ನಾನೀಗ 12 ಕಿಲೋ ಬಳಸುತ್ತಿರುವುದರಿಂದ 8 ಕಿಲೋದ ಗುಂಡು ಸಂಘದ ಕಚೇರಿಯಲ್ಲಿದೆ. ಅಡಿಕೆ ತೂಕಕ್ಕೆ ಬಂದವರು ಎತ್ತಿ ನೋಡಬಹುದು, ಫ್ಯಾನಿನ ಕೆಳಗೆ ಮಾತ್ರ ಬೇಡ.

— ಕಾರ್ಯದರ್ಶಿ