ಹೋಗೋದಾ, ಇರೋದಾ? ಫುಕುಶಿಮಾ ತಾಯಂದಿರ ಲೆಕ್ಕಾಚಾರ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮೂರಿಂದ ಸುಮಾರು 60 ಕಿಲೋಮೀಟರ್ ದೂರದ ಅಣು ವಿದ್ಯುತ್ ಸ್ಥಾವರದಲ್ಲಿ ಸ್ಫೋಟ ಆಗಿದೆ. ಊರು ಬಿಡಿ ಅಂತ ಸರ್ಕಾರ ಹೇಳಿಲ್ಲ. ಮನೆಯಲ್ಲಿ ಪುಟ್ಟ ಮಗು ಇದೆ. ಏನ್ ಮಾಡ್ತೀರಿ?

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ನಗರ, ಕೊರಿಯಾಮಾದಂಥ ಊರುಗಳ ತಾಯಂದಿರ ಮುಂದೆ ಇದ್ದದ್ದು ಇದೇ ಪ್ರಶ್ನೆ. ಮಾರ್ಚ್ 11ರಂದು ಭೂಕಂಪ, ಸುನಾಮಿ. ಮರುದಿನ ಸಂಜೆ ಫುಕುಶಿಮಾ ದಾಯಿಚಿ ಸ್ಥಾವರದ ಸುತ್ತ 20 ಕಿಲೋಮೀಟರ್ ಒಳಗಿದ್ದವರು ಹೊರಡಬೇಕು ಅಂತ ಆದೇಶ ಬಂತು. ಗೆರೆಯ ಒಳಗಿದ್ದವರ ಪರವಾಗಿ ಸರ್ಕಾರವೇ ತೀರ್ಮಾನ ಮಾಡಿತು. ಹೊರಗಿದ್ದವರ ಮನೆಗಳಲ್ಲಿ ಆ ಭಾರ ಹೆಚ್ಚಾಗಿ ಬಿದ್ದಿದ್ದು ತಾಯಿಯ ಮೇಲೆ.

ಆದ್ರೆ ವಿಕಿರಣ ಗೆರೆ ನೋಡಿಕೊಂಡು ಹೋಗಲ್ಲ. ಗಾಳಿ ಬೀಸಿದ ಕಡೆ ಹೋಗುತ್ತೆ, ಮಳೆ, ಹಿಮ ಬಿದ್ದಲ್ಲಿ ನೆಲಕ್ಕಿಳಿಯುತ್ತೆ. ಇಟಾಟೆ ಅನ್ನೋ ಹಳ್ಳಿಯ ಬಹುಪಾಲು 30 ಕಿಲೋಮೀಟರ್ ಆಚೆಗಿತ್ತು. ಅಲ್ಲಿ ವಿಕಿರಣ ಜಾಸ್ತಿ ಇದ್ದರೂ ಅದು ಸ್ಥಳಾಂತರ ವಲಯ ಆಗಿದ್ದು ಏಪ್ರಿಲ್ 22ಕ್ಕೆ.

ಇನ್ನು ಅಂಕಿಗಳ ಗೊಂದಲ. ಜನಸಾಮಾನ್ಯರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವಾಲಯ ಶಾಲೆಗಳಿಗೆ 20ರವರೆಗೂ ಪರವಾಗಿಲ್ಲ ಅಂದಿತು. ಪೋಷಕರು ಟೋಕಿಯೋಗೇ ಹೋಗಿ ಪ್ರತಿಭಟಿಸಿದ ಮೇಲೆ, ಮೇ ತಿಂಗಳಲ್ಲಿ, ಶಾಲೆಯಲ್ಲಿ ಗುರಿ 1 ಅಂದಿತು. ತಾಯಿ ಯಾವುದನ್ನ ನಂಬಬೇಕು?

ಹಾಗಾಗಿ ಲೆಕ್ಕ ಬರೀ ವಿಕಿರಣದ್ದಾಗಿ ಉಳಿಯಲಿಲ್ಲ. ಮಗುವಿನ ವಯಸ್ಸೆಷ್ಟು? ಯಾಕಂದ್ರೆ ವಿಕಿರಣಶೀಲ ಅಯೋಡಿನ್ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತೆ, ಮಕ್ಕಳಿಗೆ ಅದರ ಅಪಾಯ ಹೆಚ್ಚು. ಗಂಡನ ಕೆಲಸ ಇಲ್ಲೇ ಇದೆಯಲ್ಲ? ಅತ್ತೆ-ಮಾವ ಬರ್ತಾರಾ? ಎರಡು ಮನೆಯ ಖರ್ಚು ಹೇಗೆ? ಎಷ್ಟೋ ಮನೆಗಳಲ್ಲಿ ಗಂಡ ಉಳಿದ, ತಾಯಿ ಮಕ್ಕಳನ್ನ ಕರ್ಕೊಂಡು ಹೋದಳು. ಇದಕ್ಕೆ ಜಪಾನಿನಲ್ಲಿ 'ಬೋಶಿ ಹಿನಾನ್' ಅಂತಲೇ ಹೆಸರು, ಅಂದ್ರೆ ತಾಯಿ-ಮಕ್ಕಳ ಸ್ಥಳಾಂತರ. ಹೀಗೆ ಸ್ವಂತ ನಿರ್ಧಾರದಿಂದ ಹೋದವರಿಗೆ ಸಿಗ್ತಿದ್ದ ಉಚಿತ ವಸತಿ 2017ರ ಮಾರ್ಚ್‌ಗೆ ನಿಂತುಹೋಯ್ತು.

ಉಳಿದವರೂ ಸುಮ್ಮನೆ ಕೂರಲಿಲ್ಲ. ಬಟ್ಟೆ ಒಳಗೇ ಒಣಗಿಸಿದರು, ಮಕ್ಕಳನ್ನ ಮಣ್ಣಲ್ಲಿ ಆಡೋಕೆ ಬಿಡಲಿಲ್ಲ, ತರಕಾರಿ ಎಲ್ಲಿಂದ ಬಂದಿದೆ ಅಂತ ನೋಡಿ ತಂದರು. ಹೋದವಳಿಗೆ ಊರು ಬಿಟ್ಟವಳು ಅನ್ನೋ ಮಾತು, ಉಳಿದವಳಿಗೆ ಮಗುವಿನ ಚಿಂತೆ ಇಲ್ಲ ಅನ್ನೋ ಮಾತು.

ಕೊನೆಗೆ ಯಾರು ಸರಿ? ವಿಕಿರಣವೇ ನೇರ ಕಾರಣ ಅನ್ನಬಹುದಾದ ಆರೋಗ್ಯ ಹಾನಿ ಅಲ್ಲಿನ ಜನರಲ್ಲಿ ಕಂಡಿಲ್ಲ ಅಂತ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ 2021ರಲ್ಲಿ ಹೇಳಿತು. ಸ್ಥಳಾಂತರದ ಕಷ್ಟಕ್ಕೇ ಎಷ್ಟೋ ವೃದ್ಧರು ತೀರಿಕೊಂಡರು, ಅದೂ ನಿಜ. ಆದ್ರೆ 2011ರಲ್ಲಿ ಮಗು ಎತ್ತಿಕೊಂಡು ನಿಂತಿದ್ದ ತಾಯಿಯ ಕೈಯಲ್ಲಿ 2021ರ ವರದಿ ಇರಲಿಲ್ಲ. ಅವತ್ತು ಅವಳಿಗೆ ಏನು ಗೊತ್ತಿತ್ತೋ ಅದರ ಮೇಲೇ ಅವಳ ನಿರ್ಧಾರವನ್ನ ಅಳೀಬೇಕು.

ನನಗೆ ಅನ್ನಿಸೋದು ಇಷ್ಟೇ: 'ನಿಮ್ಮಿಷ್ಟ' ಅಂತ ಹೇಳೋದು ಸುಲಭ. ಆ ಮಾತಿಗೆ ಅರ್ಥ ಬರಬೇಕಾದ್ರೆ ನಿಜವಾದ ಮಾಹಿತಿ ಬೇಗ ಸಿಗಬೇಕು, ಹೋದವರಿಗೂ ಉಳಿದವರಿಗೂ ಆಸರೆ ಇರಬೇಕು.

ನೀವಾಗಿದ್ರೆ ಏನ್ ಮಾಡ್ತಿದ್ರಿ? ನಿಮ್ಮ ಅಮ್ಮನನ್ನೂ ಒಮ್ಮೆ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.