ಕೊರೆಯದೆ ಮೂಡುವ ಕಿಂಡಿ

ಪ್ರಶ್ನೆ: ಬಿಸಿ ಪಾತ್ರೆ ಇಡುವ ಮರದ ಮಣೆಗಳಲ್ಲಿ ಸಾಲುಸಾಲು ಚೌಕ ಕಿಂಡಿಗಳಿರುತ್ತವೆ. ಅಷ್ಟನ್ನೂ ಒಂದೊಂದಾಗಿ ಕೊರೆಯುತ್ತಾರೆಯೇ?

ಉತ್ತರ: ಕೊರೆಯಬೇಕಾಗಿಯೇ ಇಲ್ಲ. 18 ಮಿ.ಮೀ. ದಪ್ಪದ ಹಲಗೆಯ ಒಂದು ಬದಿಯಲ್ಲಿ ಸಮಾನ ಅಂತರದಲ್ಲಿ ಉದ್ದುದ್ದ ತೋಡು (ಗ್ರೂವ್) ತೆಗೆಯುತ್ತಾರೆ. ಆಳ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ 10 ಮಿ.ಮೀ. ಹಲಗೆ ಮಗುಚಿ ಅಷ್ಟೇ ಆಳಕ್ಕೆ ಅಡ್ಡಡ್ಡ ತೆಗೆದರೆ, ಎರಡೂ ಒಂದನ್ನೊಂದು ಹಾಯುವ ಕಡೆಯೆಲ್ಲ ಕಿಂಡಿ ತಾನಾಗಿ ತೆರೆದುಕೊಳ್ಳುತ್ತದೆ. ಕೋನ 90ರ ಬದಲು 60 ಡಿಗ್ರಿಯಾದರೆ ಚೌಕದ ಜಾಗದಲ್ಲಿ ವಜ್ರಾಕೃತಿ ಬರುತ್ತದೆ. ಕಿಂಡಿ ಅಂದಕ್ಕಷ್ಟೇ ಅಲ್ಲ. ಪಾತ್ರೆಯಡಿ ಗಾಳಿಯಾಡಿ ಮೇಜಿಗೆ ಬಿಸಿ ತಟ್ಟುವುದು ಕಡಿಮೆಯಾಗುತ್ತದೆ.

ಮಾಡಿ ನೋಡುವವರು ತೇಗದಂಥ ಗಟ್ಟಿ ಮರ ಆರಿಸಿ, ಕೊನೆಗೆ ಅಗಸೆ ಎಣ್ಣೆ ಸವರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.